ಸರ್ಕಾರಿ ಜಾಲತಾಣ: ಹುಡುಕಿದವರಿಗೆ ಸಿಗಬೇಡವೆ?

ಕಳೆದ ವರ್ಷ ನನ್ನ ಪರಿಚಿತರೊಬ್ಬರು, ನಿವೃತ್ತ ಪ್ರೌಢಶಾಲಾ ಅಧ್ಯಾಪಕರು, ಸರ್ಕಾರದಿಂದ ಉಚಿತವಾಗಿ ದೊರೆಯಬೇಕಾದ ಅರ್ಜಿ ನಮೂನೆಯೊಂದಕ್ಕೆ 600 ರೂಪಾಯಿ ತೆತ್ತರು. ಅವರು ಯಾವ ದಲ್ಲಾಳಿಯ ಬಾಗಿಲಿಗೂ ಹೋಗಿರಲಿಲ್ಲ. ಮನೆಯಲ್ಲೇ ಕುಳಿತು, ತಮಗೆ ಬೇಕಾದುದನ್ನು ಮೊಬೈಲಿನಲ್ಲಿ ಅಚ್ಚುಕಟ್ಟಾದ ಕನ್ನಡದಲ್ಲಿ ಬರೆದು ಹುಡುಕಿದ್ದರು. ಮೊದಲಿಗೆ ಬಂದ ಐದಾರು ಫಲಿತಾಂಶಗಳಲ್ಲಿ ಒಂದೂ ಸರ್ಕಾರದ್ದಾಗಿರಲಿಲ್ಲ. ಎಲ್ಲಕ್ಕಿಂತ ಮೇಲಿದ್ದ ಖಾಸಗಿ ಜಾಲತಾಣ ನೋಡುವುದಕ್ಕೆ ಸರ್ಕಾರಿ ತಾಣದಂತೆಯೇ ಇತ್ತು, ಭಾಷೆ ಸರಳವಾಗಿತ್ತು, 'ಸೇವಾ ಶುಲ್ಕ' ಎಂಬ ಮಾತು ಕೊನೆಯ ಪುಟದಲ್ಲಿ ಬಂತು. ಅಷ್ಟು ಹೊತ್ತಿಗೆ ಅವರು ತಮ್ಮ ವಿವರಗಳನ್ನೆಲ್ಲ ತುಂಬಿ ಮುಗಿಸಿದ್ದರು.

ಮರುದಿನ ನಾವಿಬ್ಬರೂ ಕುಳಿತು ಇಲಾಖೆಯ ಅಧಿಕೃತ ತಾಣವನ್ನು ಜಾಲಾಡಿದೆವು. ನಮೂನೆ ಅಲ್ಲಿಯೇ ಇತ್ತು. 'ನಮ್ಮ ಬಗ್ಗೆ', 'ದೃಷ್ಟಿ ಮತ್ತು ಧ್ಯೇಯ', 'ಚಿತ್ರಸಂಪುಟ' ಇವುಗಳನ್ನು ದಾಟಿ 'ಸೇವೆಗಳು' ಎಂಬಲ್ಲಿಗೆ ಹೋಗಿ, ಅದರೊಳಗೆ 'ಇತರೆ' ಎಂಬುದನ್ನು ತೆರೆದು, ಉದ್ದನೆಯ ಪಟ್ಟಿಯಲ್ಲಿ 'ಇಲ್ಲಿ ಕ್ಲಿಕ್ ಮಾಡಿ' ಎಂದಿದ್ದುದನ್ನು ಒತ್ತಿದಾಗ, ವಾರೆಯಾಗಿ ಸ್ಕ್ಯಾನ್ ಆದ ಎರಡು ಪುಟಗಳು ತೆರೆದುಕೊಂಡವು. ಆ ಕಡತಕ್ಕೆ ಇಟ್ಟ ಹೆಸರು 'ಸ್ಕ್ಯಾನ್' ಎಂಬ ಪದ ಮತ್ತು ಅದರ ಮುಂದೆ ನಾಲ್ಕು ಅಂಕಿ. ಇಲಾಖೆ ಯಾವುದೆಂದು ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಬೇರೆ ಹತ್ತು ಇಲಾಖೆಗಳಲ್ಲಿ ಯಾವುದರ ಹೆಸರನ್ನು ಹಾಕಿದರೂ ಈ ವೃತ್ತಾಂತ ಬದಲಾಗದು.

ನನಗೆ ಹೆಚ್ಚು ಮುಜುಗರವಾದದ್ದು ಇನ್ನೊಂದು ಕಾರಣಕ್ಕೆ. ಸೇವೆಯಲ್ಲಿದ್ದಾಗ ಇಂಥದ್ದೇ ಒಂದು ಜಾಲತಾಣದ ವಿನ್ಯಾಸಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಅಂದಿನ ಸಭೆಯಲ್ಲಿ ನಾವು ಚರ್ಚಿಸಿದ್ದು ಮುಖಪುಟದಲ್ಲಿ ಯಾರ ಭಾವಚಿತ್ರ ಎಡಕ್ಕಿರಬೇಕು, ಯಾರದು ಬಲಕ್ಕೆ, ಲಾಂಛನ ಎಷ್ಟು ದೊಡ್ಡದಿರಬೇಕು ಎಂಬುದನ್ನು. ಪುಟಗಳ ಜೋಡಣೆ ಹೇಗಿರಬೇಕು ಎಂಬ ಪ್ರಶ್ನೆ ಬಂದಾಗ, ಇಲಾಖೆಯ ಶಾಖೆಗಳು ಹೇಗಿವೆಯೋ ಹಾಗೆಯೇ ಇರಲಿ ಎಂದು ಒಂದೇ ನಿಮಿಷದಲ್ಲಿ ತೀರ್ಮಾನಿಸಿದೆವು. ನಾಗರಿಕನು ಈ ತಾಣಕ್ಕೆ ಯಾವ ಬಾಗಿಲಿನಿಂದ ಬರುತ್ತಾನೆ ಎಂದು ಯಾರೂ ಕೇಳಲಿಲ್ಲ. ಆತ ನಮ್ಮ ಮುಖಪುಟದ ವಿಳಾಸವನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾನೆಂದು ನಾವು ಭಾವಿಸಿದ್ದೆವೋ ಏನೋ. ವಾಸ್ತವದಲ್ಲಿ ಆತ ಬರುವುದು ಶೋಧಯಂತ್ರದ ಮೂಲಕ, ಅದೂ ನೇರವಾಗಿ ಒಳಗಿನ ಒಂದು ಪುಟಕ್ಕೆ. ಆ ಪುಟ ಶೋಧಯಂತ್ರಕ್ಕೆ ಕಾಣದಿದ್ದರೆ ಆತನ ಪಾಲಿಗೆ ಇಲಾಖೆಯೇ ಇಲ್ಲ.

ಅರ್ಥಶಾಸ್ತ್ರ ಓದಿದವರಿಗೆ ಇದು ಹಳೆಯ ವಿಷಯ. ಜಾರ್ಜ್ ಸ್ಟಿಗ್ಲರ್ 1961ರಲ್ಲಿ ಮಾಹಿತಿಯ ಅರ್ಥಶಾಸ್ತ್ರ ಕುರಿತ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಒಂದೇ ಸರಕಿಗೆ ಒಂದೇ ಊರಿನಲ್ಲಿ ಹಲವು ಬೆಲೆಗಳಿರುವುದು ಏಕೆ ಎಂದು ವಿಚಾರಿಸಿದರು. ಹುಡುಕುವುದಕ್ಕೂ ಒಂದು ವೆಚ್ಚವಿದೆ. ಆ ವೆಚ್ಚ ಹೆಚ್ಚಾದಷ್ಟೂ ಕೊಳ್ಳುವವನು ಬೇಗ ಹುಡುಕಾಟ ನಿಲ್ಲಿಸಿ, ಸಿಕ್ಕಿದ ಬೆಲೆಗೆ ಒಪ್ಪಿಕೊಳ್ಳುತ್ತಾನೆ ಎಂಬುದು ಅವರ ವಿವರಣೆಯ ತಿರುಳು. ದಲ್ಲಾಳಿ ಬದುಕುವುದು ಈ ವೆಚ್ಚದ ಮೇಲೆಯೇ. ನಮ್ಮ ರಾಜ್ಯದ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, 15 ರೂಪಾಯಿಗೆ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಪ್ರತಿ ಸಿಗುವಂತೆ ಮಾಡಿದಾಗ ದೇಶವೇ ಇತ್ತ ನೋಡಿದ್ದು, ಆ ವೆಚ್ಚವನ್ನು ಅದು ಒಮ್ಮೆಲೇ ಕುಗ್ಗಿಸಿತೆಂಬ ಕಾರಣಕ್ಕೆ. ಕಿಂಡಿಯಿಂದ ಹೊರಹಾಕಿದ ಮಧ್ಯವರ್ತಿಯನ್ನು ಶೋಧ ಫಲಿತಾಂಶದ ಮೊದಲ ಸಾಲಿನಲ್ಲಿ ಕುಳ್ಳಿರಿಸಿದ್ದೇವೆ ಎಂದರೆ ಅತಿಶಯೋಕ್ತಿಯಾಗದು. ಪಾಸ್‌ಪೋರ್ಟ್ ವಿಷಯದಲ್ಲಿ ವಿದೇಶಾಂಗ ಸಚಿವಾಲಯವೇ ಇಂಥ ನಕಲಿ ತಾಣಗಳ ಬಗ್ಗೆ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು.

ಶೋಧಯಂತ್ರ ಕೆಲಸ ಮಾಡುವ ರೀತಿಯಲ್ಲಿ ಮಾಟಮಂತ್ರವೇನೂ ಇಲ್ಲ. ಅದರ ಕಡೆಯ ಒಂದು ತಂತ್ರಾಂಶ ಪುಟದಿಂದ ಪುಟಕ್ಕೆ ಕೊಂಡಿಗಳನ್ನು ಹಿಡಿದು ಸಾಗುತ್ತದೆ, ಕಂಡ ಪುಟವನ್ನು ಓದುತ್ತದೆ, ಓದಿದ ಪದಗಳನ್ನು ಬೃಹತ್ ಪದಸೂಚಿಯೊಂದರಲ್ಲಿ ದಾಖಲಿಸುತ್ತದೆ. ಪುಟದ ಶೀರ್ಷಿಕೆ, ಒಳಗಿನ ತಲೆಬರಹಗಳು, ಪುಟದ ವಿಳಾಸ, ಬೇರೆಡೆಯಿಂದ ಆ ಪುಟಕ್ಕೆ ಬರುವ ಕೊಂಡಿಯಲ್ಲಿ ಬಳಸಿದ ಪದಗಳು, ಇವೆಲ್ಲ ಆ ಪುಟ ಏನನ್ನು ಕುರಿತದ್ದು ಎಂದು ಅದಕ್ಕೆ ತಿಳಿಸುವ ಸುಳಿವುಗಳು. ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಸೇರಿಸಿದ ಹೊಸ ವಿಚಾರವೆಂದರೆ, ಒಂದು ಪುಟಕ್ಕೆ ಬರುವ ಪ್ರತಿ ಕೊಂಡಿಯನ್ನೂ ಒಂದು ಶಿಫಾರಸು ಎಂದು ಎಣಿಸುವುದು, ಮತ್ತು ಗಣ್ಯ ಪುಟದ ಶಿಫಾರಸಿಗೆ ಹೆಚ್ಚು ತೂಕ ಕೊಡುವುದು. ಇಂದು ಲೆಕ್ಕಾಚಾರ ಬಹಳ ಜಟಿಲವಾಗಿದೆಯಾದರೂ ತಳಪಾಯ ಅದೇ.

ಈಗ ಈ ಓದುಗನನ್ನು ನಮ್ಮ ಸಾಮಾನ್ಯ ಸರ್ಕಾರಿ ತಾಣವೊಂದಕ್ಕೆ ಕಳಿಸಿ ನೋಡಿ. ನೂರು ಪುಟಗಳಿಗೂ ಶೀರ್ಷಿಕೆ 'ಮುಖಪುಟ' ಎಂದೋ, ಇಲಾಖೆಯ ಹೆಸರೆಂದೋ ಒಂದೇ. ಕೊಂಡಿಗಳೆಲ್ಲ 'ಇಲ್ಲಿ ಕ್ಲಿಕ್ ಮಾಡಿ'. ಜಿಲ್ಲೆ, ತಾಲ್ಲೂಕು, ಹೋಬಳಿ ಎಂದು ಆಯ್ಕೆ ಮಾಡುತ್ತ ಹೋದರೆ ಮಾತ್ರ ತೆರೆಯುವ ಪುಟಗಳನ್ನು ಅದು ಸಾಮಾನ್ಯವಾಗಿ ಕಾಣಲಾರದು. ಅದು ನಡೆಯುವುದು ಕೊಂಡಿಗಳ ದಾರಿಯಲ್ಲಿ, ನಮೂನೆಗಳನ್ನು ಭರ್ತಿ ಮಾಡುವುದು ಅದರ ಅಭ್ಯಾಸವಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಎಂದರೆ ಅದಕ್ಕೆ ಮೂಲತಃ ಒಂದು ಚಿತ್ರ. ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸುವ ತಂತ್ರ ಈಚೆಗೆ ಸುಧಾರಿಸಿದೆ ನಿಜ, ಆದರೆ ಓರೆಯಾಗಿ ಬಿದ್ದ, ಮೊಹರಿನಡಿ ಅರ್ಧ ಮುಚ್ಚಿಹೋದ ಕನ್ನಡ ಪುಟದ ಮೇಲೆ ಅದನ್ನು ನೆಚ್ಚಿಕೊಳ್ಳುವುದು ವಿವೇಕವಲ್ಲ. ತಮಾಷೆಯೆಂದರೆ, ಅದೇ ಸುತ್ತೋಲೆ ಗಣಕದಲ್ಲಿಯೇ ಬೆರಳಚ್ಚಾಗಿರುತ್ತದೆ. ಅದನ್ನು ಮುದ್ರಿಸಿ, ಸಹಿ ಮಾಡಿ, ಮತ್ತೆ ಸ್ಕ್ಯಾನ್ ಮಾಡಿ, ಓದಬಲ್ಲ ಪಠ್ಯವನ್ನು ಓದಲಾಗದ ಚಿತ್ರವನ್ನಾಗಿ ನಾವೇ ಪರಿವರ್ತಿಸುತ್ತೇವೆ. ಸಹಿಯಿಲ್ಲದ ಪಠ್ಯಕ್ಕೆ ಮಾನ್ಯತೆಯಿಲ್ಲ ಎಂಬ ಭಯ ಇದರ ಹಿಂದಿದೆ. ಚಿತ್ರದ ಜೊತೆಗೆ ಅದೇ ಪಠ್ಯವನ್ನೂ ಪುಟದಲ್ಲಿ ಹಾಕಿದರೆ ಯಾವ ನಿಯಮವೂ ಮುರಿಯುವುದಿಲ್ಲ.

ಕನ್ನಡಕ್ಕೆ ಇದರ ಮೇಲೆ ಇನ್ನೊಂದು ಹಳೆಯ ಹೊರೆಯಿದೆ. ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನ ದೊರಕಿತ್ತು. ಆದರೆ ನಮ್ಮ ಕಚೇರಿಗಳು ದೀರ್ಘಕಾಲ ಬಳಸಿದ್ದು ಅದಕ್ಕೆ ಮುಂಚಿನ ಬಗೆಯ ಅಕ್ಷರಶೈಲಿಗಳನ್ನು. ಕನ್ನಡ ಗಣಕ ಪರಿಷತ್ತಿನ 'ನುಡಿ' ತನ್ನ ಕಾಲಕ್ಕೆ ಮಾಡಿದ ಉಪಕಾರ ಸಣ್ಣದಲ್ಲ, ಮತ್ತು ಅದರ ನಂತರದ ಆವೃತ್ತಿಗಳು ಯೂನಿಕೋಡನ್ನೂ ಬಲ್ಲವು. ಹಳೆಯ ಪದ್ಧತಿಯಲ್ಲಿ ಮಾತ್ರ ಪರದೆಯ ಮೇಲೆ ಕಾಣುವುದು ಕನ್ನಡವಾದರೂ ಗಣಕದೊಳಗೆ ಉಳಿಯುತ್ತಿದ್ದುದು ಬೇರೆಯೇ. ನೀವು 'ಕನ್ನಡ' ಎಂದು ಬರೆದರೆ ಒಳಗೆ ದಾಖಲಾಗುತ್ತಿದ್ದುದು ಇಂಗ್ಲಿಷಿನ 'ಪಿ' ಅಕ್ಷರ, ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನ್ ವರ್ಣಮಾಲೆಯ ಒಂದು ಅಕ್ಷರ ಮತ್ತು ಮೇಲೆ ಗೆರೆಯಿರುವ 'ಎ'ಗಳು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದವರಿಗೆ ಈ ಕಲಸುಮೇಲೋಗರದ ದರ್ಶನವಾಗಿರುತ್ತದೆ. ಶೋಧಯಂತ್ರಕ್ಕೆ ಕಾಣುವುದೂ ಅದೇ. ಹೀಗೆ ದಾಖಲಾದ ಆದೇಶಗಳು ಎಷ್ಟು ವರ್ಷದಿಂದ ಜಾಲದಲ್ಲಿದ್ದರೂ ಕನ್ನಡದಲ್ಲಿ ಹುಡುಕುವವನಿಗೆ ಒಂದೂ ಸಿಗದು. ಇವನ್ನು ಯೂನಿಕೋಡಿಗೆ ಪರಿವರ್ತಿಸುವ ಸಲಕರಣೆಗಳು ಬಹಳ ಹಿಂದೆಯೇ ಬಂದಿವೆ, ಹಲವು ಉಚಿತವಾಗಿಯೇ ಸಿಗುತ್ತವೆ. ಇದು ಯಾರ ಕೆಲಸ ಎಂಬುದು ಮಾತ್ರ ಎಲ್ಲಿಯೂ ನಿಗದಿಯಾಗಿಲ್ಲ.

ಲಿಪಿ ಸರಿಯಾದರೂ ಪದ ಸರಿಯಿರಬೇಕು. ಇಲಾಖೆ 'ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆ' ಎನ್ನುವುದನ್ನು ಹಳೆ ಮೈಸೂರಿನ ರೈತ ಪಹಣಿ ಎನ್ನುತ್ತಾನೆ, ಧಾರವಾಡ ಬೆಳಗಾವಿಗಳ ಕಡೆ ಉತಾರ ಎನ್ನುತ್ತಾರೆ, ಬ್ಯಾಂಕಿನವರು ಆರ್‌ಟಿಸಿ ಎನ್ನುತ್ತಾರೆ. ಕಚೇರಿಯ 'ಋಣಭಾರ ಪ್ರಮಾಣಪತ್ರ' ಜನರ ಬಾಯಲ್ಲಿ ಇ.ಸಿ. 2007ರಲ್ಲಿ ಆರಂಭವಾದ 'ಸಂಧ್ಯಾ ಸುರಕ್ಷಾ' ಯೋಜನೆಗೆ ಅರ್ಜಿ ಹಾಕಬೇಕಾದ ಅಜ್ಜಿಯ ಮೊಮ್ಮಗ ಹುಡುಕುವುದು 'ವೃದ್ಧಾಪ್ಯ ವೇತನ' ಎಂದು. ಯೋಜನೆಗಳಿಗೆ ಕಾವ್ಯಮಯ ಹೆಸರಿಡುವ ನಮ್ಮ ಚಟದಿಂದ ಆಗುವ ತೊಂದರೆಗಳಲ್ಲಿ ಇದೂ ಒಂದು: ಹೆಸರನ್ನು ನೋಡಿದರೆ ಒಳಗೇನಿದೆ ಎಂದು ಮನುಷ್ಯನಿಗೇ ತಿಳಿಯದಿರುವಾಗ ಯಂತ್ರಕ್ಕೆ ತಿಳಿಯುವುದೆಂತು? ಪುಟದ ಶೀರ್ಷಿಕೆ ಮತ್ತು ಮೊದಲ ವಾಕ್ಯದಲ್ಲಿ ಅಧಿಕೃತ ಹೆಸರಿನ ಜೊತೆಗೆ ಜನ ಬಳಸುವ ಎರಡು ಮೂರು ಪದಗಳನ್ನೂ ಸೇರಿಸುವುದಕ್ಕೆ ಒಂದು ಬೆಳಗಿನ ಕೆಲಸ ಸಾಕು. ನಮ್ಮ ನುಡಿಯ ವಿಭಕ್ತಿ ಪ್ರತ್ಯಯಗಳೂ, ಕೂಡಿಸಿ ಬಿಡಿಸಿ ಬರೆಯುವ ಸ್ವಾತಂತ್ರ್ಯವೂ ಶೋಧಯಂತ್ರಕ್ಕೆ ತೊಡಕೇ. 'ಪ್ರಮಾಣಪತ್ರ', 'ಪ್ರಮಾಣ ಪತ್ರ' ಎಂಬ ಎರಡರಲ್ಲಿ ಯಾವುದನ್ನು ಬರೆಯಬೇಕೆಂದು ಒಂದು ಇಲಾಖೆಯೊಳಗಾದರೂ ಒಮ್ಮತವಿರಬೇಕು.

ಇನ್ನು ವಿಳಾಸಗಳ ವಿಚಾರ. ಇದರಲ್ಲಿ ಆಗುತ್ತಿರುವ ನಷ್ಟ ಕಣ್ಣಿಗೆ ಕಾಣದು, ಆದ್ದರಿಂದಲೇ ದೊಡ್ಡದು. ಒಂದು ಪುಟ ಹತ್ತು ವರ್ಷ ಒಂದೇ ವಿಳಾಸದಲ್ಲಿದ್ದರೆ ಪತ್ರಿಕೆಗಳು, ವಿಶ್ವವಿದ್ಯಾಲಯಗಳು, ಬೇರೆ ಇಲಾಖೆಗಳು ಅದಕ್ಕೆ ಕೊಂಡಿ ಕೊಟ್ಟಿರುತ್ತವೆ. ಇದು ಸಂಚಿತ ಬಂಡವಾಳ, ವ್ಯಾಪಾರಿಯ ಅಂಗಡಿಯ ಹೆಸರಿನಂತೆ. ನಮ್ಮಲ್ಲಿ ಹೊಸ ಟೆಂಡರ್ ಆಗಿ ಹೊಸ ಸಂಸ್ಥೆ ಬಂದೊಡನೆ ಹೊಸ ತಾಣ ಸಿದ್ಧವಾಗುತ್ತದೆ, ಹಳೆಯ ವಿಳಾಸಗಳೆಲ್ಲ ಒಂದೇ ರಾತ್ರಿಯಲ್ಲಿ 'ಪುಟ ಕಂಡುಬಂದಿಲ್ಲ' ಎಂದಾಗುತ್ತವೆ. ಬಂಡವಾಳ ಶೂನ್ಯಕ್ಕೆ ಇಳಿಯುತ್ತದೆ, ಮರುದಿನದಿಂದ ಖಾಸಗಿ ತಾಣ ಮೇಲೇರುತ್ತದೆ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಶಾಶ್ವತವಾಗಿ ತಿರುಗಿಸುವ ವ್ಯವಸ್ಥೆ ಜಾಲದ ಮೂಲ ನಿಯಮಗಳಲ್ಲೇ ಇದೆ. ಅಂಚೆ ಕಚೇರಿಯಲ್ಲಿ ವಿಳಾಸ ಬದಲಾವಣೆಗೆ ಬರೆದುಕೊಟ್ಟಂತೆ. ತಾಣದ ಎಲ್ಲ ಪುಟಗಳ ಪಟ್ಟಿಯೊಂದನ್ನು ಶೋಧಯಂತ್ರಕ್ಕೆ ಒಪ್ಪಿಸುವ ಪದ್ಧತಿಯನ್ನು ಗೂಗಲ್ 2005ರಲ್ಲಿ ಆರಂಭಿಸಿತು, ಮರುವರ್ಷ ಯಾಹೂ ಮತ್ತು ಮೈಕ್ರೋಸಾಫ್ಟ್ ಒಪ್ಪಿಕೊಂಡವು. ಒಂದು ಪಟ್ಟಿಯಲ್ಲಿ 50,000 ವಿಳಾಸಗಳವರೆಗೆ ಸೇರಿಸಬಹುದು. ನಮ್ಮ ಬಹುತೇಕ ಇಲಾಖೆಗಳಿಗೆ ಒಂದು ಪಟ್ಟಿಯೇ ಹೆಚ್ಚಾಯಿತು.

ಬ್ರಿಟನ್ 2012ರ ಅಕ್ಟೋಬರ್‌ನಲ್ಲಿ ತನ್ನ ಸರ್ಕಾರಿ ಜಾಲತಾಣಗಳನ್ನು ಒಂದುಗೂಡಿಸಲು ಆರಂಭಿಸಿದಾಗ ಈ ಎಚ್ಚರ ವಹಿಸಿತು. ಮುನ್ನೂರಕ್ಕೂ ಮಿಕ್ಕಿದ ಇಲಾಖೆ, ಸಂಸ್ಥೆಗಳ ತಾಣಗಳು ಎರಡು ವರ್ಷಗಳಲ್ಲಿ ಒಂದೇ ತಾಣಕ್ಕೆ ಸೇರಿದವು, ಮತ್ತು ಹಳೆಯ ವಿಳಾಸಗಳನ್ನು ಹೊಸದಕ್ಕೆ ಜೋಡಿಸುವುದನ್ನೇ ಪ್ರತ್ಯೇಕ ಕಾರ್ಯವೆಂದು ಕೈಗೊಂಡರು. ಪುಟಗಳನ್ನು ಇಲಾಖೆವಾರು ಜೋಡಿಸುವುದನ್ನು ಬಿಟ್ಟು, ನಾಗರಿಕನಿಗೆ ಏನು ಬೇಕು ಎಂಬುದರ ಮೇಲೆ ಜೋಡಿಸಿದರು. ಶ್ರೀಮಂತ ದೇಶದ ಮಾತು ಎಂದು ತಳ್ಳಿಹಾಕುವಂತಿಲ್ಲ. ಕನ್ನಡ ವಿಕಿಪೀಡಿಯವನ್ನೇ ನೋಡಿ. 2003ರಲ್ಲಿ ಹುಟ್ಟಿ, ಸಂಬಳವಿಲ್ಲದ ಕೆಲವರ ಶ್ರಮದಿಂದ ಬೆಳೆದ ಅದರಲ್ಲಿ 30,000ಕ್ಕೂ ಹೆಚ್ಚು ಲೇಖನಗಳಿವೆ. ನಮ್ಮ ಯಾವುದಾದರೊಂದು ತಾಲ್ಲೂಕಿನ ಹೆಸರನ್ನು ಕನ್ನಡದಲ್ಲಿ ಹುಡುಕಿ. ಅದರ ಪುಟ ಮೇಲೆಯೇ ಇರುವ ಸಂಭವ ಹೆಚ್ಚು. ಒಂದು ವಿಷಯಕ್ಕೆ ಒಂದು ಪುಟ, ಪುಟಕ್ಕೆ ವಿಷಯದ್ದೇ ಹೆಸರು, ಬದಲಾಗದ ವಿಳಾಸ, ಪುಟದಿಂದ ಪುಟಕ್ಕೆ ಅರ್ಥವುಳ್ಳ ಕೊಂಡಿ. ಇದಕ್ಕಿಂತ ಹೆಚ್ಚಿನ ಗುಟ್ಟೇನೂ ಅಲ್ಲಿಲ್ಲ.

ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಉಳಿಸಬೇಕೆಂಬುದು. ಅವರು 1962ರಲ್ಲಿ ಬೆಂಗಳೂರಿನಲ್ಲಿಯೇ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, ಕೊನೆಯ ದಿನಗಳನ್ನು ಇಲ್ಲಿಯೇ ಕಳೆದರು. ವರ್ಗೀಕರಣದ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದ ಊರಿನ ಸರ್ಕಾರಿ ತಾಣಗಳಲ್ಲಿ 'ಇತರೆ' ಎಂಬ ವರ್ಗವೇ ಎಲ್ಲಕ್ಕಿಂತ ದೊಡ್ಡದಾಗಿರುವುದು ವಿಷಾದದ ಸಂಗತಿ.

ಇದನ್ನೆಲ್ಲ ಪ್ರಚಾರದ ಕೆಲಸವೆಂದು ನಮ್ಮ ಅಧಿಕಾರಿವರ್ಗ ಭಾವಿಸಿದಂತಿದೆ. ಕಾನೂನು ಹಾಗೆನ್ನುವುದಿಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೇ ಪ್ರಕರಣವನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಸ್ವಯಂಪ್ರೇರಿತವಾಗಿ ಪ್ರಕಟಿಸಬೇಕಾದ ಹದಿನೇಳು ಬಾಬುಗಳಿರುವ (1)(ಬಿ) ಉಪಪ್ರಕರಣದ ಬಗ್ಗೆ ಮಾತನಾಡುತ್ತಾರೆ. ಅದಕ್ಕೂ ಮೊದಲಿರುವ (1)(ಎ) ಏನು ಹೇಳುತ್ತದೆ? ಸಾರ್ವಜನಿಕ ಪ್ರಾಧಿಕಾರವು ತನ್ನ ದಾಖಲೆಗಳನ್ನು ಮಾಹಿತಿ ಹಕ್ಕಿಗೆ ಅನುಕೂಲವಾಗುವ ರೀತಿಯಲ್ಲಿ ಪಟ್ಟಿ ಮಾಡಿ, ಸೂಚಿ ತಯಾರಿಸಿ ಇಡತಕ್ಕದ್ದು. ಸ್ಥಳೀಯ ಭಾಷೆಯನ್ನೂ ಆ ಪ್ರದೇಶದಲ್ಲಿ ಅತ್ಯಂತ ಪರಿಣಾಮಕಾರಿಯಾದ ಸಂವಹನ ವಿಧಾನವನ್ನೂ ಪರಿಗಣಿಸಬೇಕೆಂದು ಅದೇ ಪ್ರಕರಣದ ನಾಲ್ಕನೇ ಉಪಪ್ರಕರಣ ವಿಧಿಸುತ್ತದೆ. ಇಂದು ಆ ವಿಧಾನ ಕೈಯಲ್ಲಿರುವ ಮೊಬೈಲ್ ಎಂಬುದನ್ನು ಯಾರು ಅಲ್ಲಗಳೆಯಬಲ್ಲರು? ಕೇಂದ್ರ ಸರ್ಕಾರ 2009ರಲ್ಲಿ ಸರ್ಕಾರಿ ಜಾಲತಾಣಗಳಿಗೆ ಮಾರ್ಗಸೂಚಿ ಪ್ರಕಟಿಸಿತು, 2023ರಲ್ಲಿ ಅದರ ಮೂರನೇ ಆವೃತ್ತಿ ಬಂತು. ಮಾರ್ಗಸೂಚಿಗೆ ಕೊರತೆಯಿಲ್ಲ. ನಮ್ಮ 'ಸಕಾಲ' ವ್ಯವಸ್ಥೆ 2012ರಿಂದ ರಾಜ್ಯದಾದ್ಯಂತ ಅರ್ಜಿ ಸ್ವೀಕೃತಿಯ ದಿನದಿಂದ ದಿನಗಳನ್ನು ಎಣಿಸುತ್ತಿದೆ. ಅರ್ಜಿಯನ್ನು ಹುಡುಕುವುದರಲ್ಲಿ ಕಳೆದ ದಿನಗಳು ಅದರ ಲೆಕ್ಕಕ್ಕೆ ಬರುವುದಿಲ್ಲ.

ಭದ್ರತೆಯ ನೆಪವೊಂದಿದೆ. ಶೋಧಯಂತ್ರಕ್ಕೆ ಬಾಗಿಲು ತೆರೆದರೆ ಅಪಾಯ ಎಂದು ಇಡೀ ತಾಣಕ್ಕೇ ಪ್ರವೇಶ ನಿಷೇಧಿಸುವವರಿದ್ದಾರೆ. 1994ರಿಂದ ಬಳಕೆಯಲ್ಲಿರುವ ಒಂದು ಪುಟ್ಟ ಕಡತದಲ್ಲಿ ಎರಡು ಸಾಲು ಬರೆದರೆ ಸಭ್ಯ ಶೋಧಯಂತ್ರಗಳು ಹೊರಗೇ ಉಳಿಯುತ್ತವೆ. ಆದರೆ ಅದು ಬೀಗವಲ್ಲ, 'ಒಳಗೆ ಬರಬೇಡಿ' ಎಂಬ ಫಲಕ ಮಾತ್ರ. ಕಳ್ಳನಿಗೆ ಫಲಕ ಅಡ್ಡಿಯಾಗದು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸುಮಾರು 210 ಜಾಲತಾಣಗಳು ಫಲಾನುಭವಿಗಳ ವಿವರಗಳನ್ನು ಆಧಾರ್ ಸಂಖ್ಯೆ ಸಹಿತ ಬಹಿರಂಗವಾಗಿ ಪ್ರದರ್ಶಿಸಿದ್ದವೆಂದು ವಿಶಿಷ್ಟ ಗುರುತಿನ ಪ್ರಾಧಿಕಾರವೇ 2017ರಲ್ಲಿ ಒಪ್ಪಿಕೊಂಡಿತು. ಮುಚ್ಚಿಡಬೇಕಾದ್ದು ತೆರೆದಿತ್ತು, ಬಡವನಿಗೆ ಬೇಕಾದ ಅರ್ಜಿ 'ಇತರೆ'ಯೊಳಗೆ ಅಡಗಿತ್ತು. ಎರಡಕ್ಕೂ ಮೂಲ ಒಂದೇ: ಯಾವ ಪುಟದಲ್ಲಿ ಏನಿದೆ, ಅದನ್ನು ಯಾರು ನೋಡಬೇಕು ಎಂದು ಬಲ್ಲವರು ಇಲಾಖೆಯಲ್ಲಿ ಇರಲಿಲ್ಲ.

ಫಲಿತಾಂಶದಲ್ಲಿ ಮೇಲೆ ತರುತ್ತೇವೆಂದು ಹಣ ಕೇಳುವ ಸಂಸ್ಥೆಗಳ ಬಗ್ಗೆ ಎಚ್ಚರಿಕೆಯೂ ಅಗತ್ಯ. ಯಂತ್ರಕ್ಕೆ ಒಂದು ಪುಟ, ಮನುಷ್ಯರಿಗೆ ಇನ್ನೊಂದು ಪುಟ ತೋರಿಸುವ ಚಾತುರ್ಯಕ್ಕಾಗಿ 2006ರಲ್ಲಿ ಬಿಎಂಡಬ್ಲ್ಯು ಕಾರು ಕಂಪನಿಯ ಜರ್ಮನ್ ತಾಣವನ್ನು ಗೂಗಲ್ ತನ್ನ ಸೂಚಿಯಿಂದಲೇ ಕೆಲ ದಿನ ತೆಗೆದುಹಾಕಿತ್ತು. ಸರ್ಕಾರಕ್ಕೆ ಇಂಥ ಕುಶಲತೆಯ ಅಗತ್ಯವೇ ಇಲ್ಲ. ಅಧಿಕೃತ ವಿಳಾಸ, ಮೂಲ ದಾಖಲೆಯ ಒಡೆತನ ಎರಡೂ ಅದರ ಬಳಿ ಇವೆ. ಖಾಸಗಿಯವನು ಅನುಕರಿಸಲಾಗದ ಅನುಕೂಲ ಇದು. ಅಷ್ಟಿದ್ದೂ ಸೋಲುತ್ತಿರುವುದು ಜೋಡಣೆಯಲ್ಲಿ.

ಕಾಲ ಇನ್ನೊಂದು ಮಗ್ಗುಲು ಹೊರಳಿರುವುದರಿಂದ ಈ ಮಾತಿಗೆ ತುರ್ತು ಬಂದಿದೆ. ಫಲಿತಾಂಶಗಳ ಪಟ್ಟಿಯ ಮೇಲ್ಗಡೆ ಕೃತಕ ಬುದ್ಧಿಮತ್ತೆ ಸಿದ್ಧಪಡಿಸಿದ ಉತ್ತರವನ್ನೇ ಕೊಡುವ ಕ್ರಮವನ್ನು ಗೂಗಲ್ 2024ರ ಆಗಸ್ಟ್‌ನಲ್ಲಿ ಭಾರತಕ್ಕೂ ವಿಸ್ತರಿಸಿತು. ಆ ಉತ್ತರ ಹುಟ್ಟುವುದು ಯಂತ್ರಕ್ಕೆ ಓದಲು ಸಿಕ್ಕ ಪುಟಗಳಿಂದ. ಮೊದಲಾದರೆ ನಾಗರಿಕನು ಪಟ್ಟಿಯನ್ನು ನೋಡಿ, ಇದು ಸರ್ಕಾರದ್ದೋ ಅಲ್ಲವೋ ಎಂದು ಸಂಶಯಪಡುವ ಅವಕಾಶವಾದರೂ ಇತ್ತು. ಈಗ ದಲ್ಲಾಳಿಯ ಪುಟದಲ್ಲಿರುವ ಶುಲ್ಕದ ವಿವರವನ್ನೇ ಯಂತ್ರ ನಿರ್ಲಿಪ್ತ ಸ್ವರದಲ್ಲಿ ಹೇಳಿಬಿಡಬಹುದು.

ಮಾಡಬೇಕಾದುದಕ್ಕೆ ಹೊಸ ನಿಗಮ, ಹೊಸ ಅನುದಾನ ಬೇಡ. ಪ್ರತಿ ಇಲಾಖೆಯಲ್ಲಿ ಅಭಿಲೇಖಾಲಯಕ್ಕೆ ಒಬ್ಬ ಹೊಣೆಗಾರರಿರುವಂತೆ ಜಾಲತಾಣದ ಪುಟಗಳಿಗೂ ಹೆಸರಿಸಿದ ಒಬ್ಬ ಅಧಿಕಾರಿ ಇರಲಿ, ಗುತ್ತಿಗೆಯ ತಂತ್ರಜ್ಞನಲ್ಲ, ವಿಷಯ ಬಲ್ಲವರು. ಹೆಚ್ಚು ಬೇಡಿಕೆಯಿರುವ ಇಪ್ಪತ್ತು ಸೇವೆಗಳಿಂದ ಆರಂಭಿಸಲಿ. ಪ್ರತಿ ಸೇವೆಗೆ ಕನ್ನಡದಲ್ಲಿ ಒಂದು ಪುಟ: ಯಾರು ಅರ್ಹರು, ಯಾವ ದಾಖಲೆ ಬೇಕು, ಶುಲ್ಕ ಎಷ್ಟು, ಶುಲ್ಕವಿಲ್ಲದಿದ್ದರೆ 'ಶುಲ್ಕವಿಲ್ಲ' ಎಂದು ಸ್ಪಷ್ಟವಾಗಿ. ಜನ ಯಾವ ಪದ ಬರೆದು ತಾಣಕ್ಕೆ ಬಂದರು ಎಂಬ ವಿವರವನ್ನು ಶೋಧಯಂತ್ರದ ಕಂಪನಿಗಳು ತಾಣದ ಒಡೆಯರಿಗೆ ಉಚಿತವಾಗಿಯೇ ಕೊಡುತ್ತವೆ. ತಿಂಗಳಿಗೊಮ್ಮೆ ಅದನ್ನು ತೆರೆದು ನೋಡುವ ಪರಿಪಾಠ ಬೆಳೆಯಲಿ. ಮಾಸಿಕ ಪರಿಶೀಲನಾ ಸಭೆಯಲ್ಲಿ ಇಲಾಖಾ ಮುಖ್ಯಸ್ಥರು ತಮ್ಮದೇ ಮೊಬೈಲಿನಲ್ಲಿ ಆ ಇಪ್ಪತ್ತು ಸೇವೆಗಳನ್ನು ಜನರ ಪದಗಳಲ್ಲಿ ಹುಡುಕಿ, ಎಷ್ಟು ಬಾರಿ ತಮ್ಮ ಇಲಾಖೆ ಮೊದಲು ಬಂತೆಂದು ನಡವಳಿಯಲ್ಲಿ ದಾಖಲಿಸಲಿ. ನಿರ್ವಹಣೆಯ ಗುತ್ತಿಗೆ ನವೀಕರಣಕ್ಕೆ ಬಂದಾಗ ಕರಾರಿನಲ್ಲಿ ಒಂದು ಷರತ್ತು ಸೇರಲಿ: ಹಳೆಯ ತಾಣದ ಪ್ರತಿಯೊಂದು ವಿಳಾಸದ ಪಟ್ಟಿಯನ್ನೂ, ಅದು ಹೊಸದರಲ್ಲಿ ಎಲ್ಲಿಗೆ ತಲುಪುತ್ತದೆಂಬ ವಿವರವನ್ನೂ ಒಪ್ಪಿಸಿ, ಪರಿಶೀಲನೆ ಮುಗಿಯುವವರೆಗೆ ಅಂತಿಮ ಕಂತು ಪಾವತಿಯಾಗತಕ್ಕದ್ದಲ್ಲ.